ಫುಟರ್ ತಿದ್ದಿದರೂ ಬದಲಾಗುತ್ತಿಲ್ಲವೇ? ಸ್ಟ್ಯಾಟಿಕ್ ವೆಬ್‌ಸೈಟಿನಲ್ಲಿ ತಪ್ಪು ಹುಡುಕುವ ಬಗೆ

ಒಂದು ಸಣ್ಣ ಸಂಸ್ಥೆಯ ವೆಬ್‌ಸೈಟನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ನಲವತ್ತು ಚಿಲ್ಲರೆ ಪುಟ, ಡೇಟಾಬೇಸ್ ಇಲ್ಲ, ಬರೀ ಎಚ್‌ಟಿಎಮ್‌ಎಲ್ ಫೈಲುಗಳು. ಕಚೇರಿಯ ಫೋನ್ ನಂಬರು ಬದಲಾದಾಗ ಎಲ್ಲ ಪುಟಗಳ ಫುಟರನ್ನೂ (ಪುಟದ ಕೆಳತುದಿಯ ಭಾಗ) ತಿದ್ದಿ ಮುಗಿಸಿದೆ ಅಂದುಕೊಂಡೆ. ತಿಂಗಳುಗಟ್ಟಲೆ ಕಳೆದರೂ ಜನ ಹಳೆಯ ನಂಬರಿಗೇ ಕರೆ ಮಾಡುತ್ತಿದ್ದರು. ಆ ನಂಬರು ಅಷ್ಟರಲ್ಲಿ ಬೇರೆ ಯಾರದೋ ಮನೆ ಸೇರಿತ್ತು. ಆ ಮನೆಯವರ ಬೈಗುಳ ಬಿದ್ದದ್ದು ಕಚೇರಿಯ ಗುಮಾಸ್ತರಿಗೆ. ತಪ್ಪು ಮಾಡಿದ್ದು ನಾನು. ಎರಡು ಪುಟ ಬಿಟ್ಟುಹೋಗಿದ್ದವು, ಅಷ್ಟೇ.

ವರ್ಡ್‌ಪ್ರೆಸ್‌ನಂಥ ಕಡೆ ಈ ತಲೆನೋವು ಕಡಿಮೆ. ಸ್ಟ್ಯಾಟಿಕ್ ಸೈಟಿನಲ್ಲಿ ಪ್ರತಿ ಪುಟವೂ ತನ್ನಷ್ಟಕ್ಕೆ ಒಂದು ಫೈಲು. ಇನ್ನೊಂದು ಫೈಲನ್ನು ತಂದು ತನ್ನೊಳಗೆ ಸೇರಿಸಿಕೊಳ್ಳುವ ಟ್ಯಾಗ್ ಎಚ್‌ಟಿಎಮ್‌ಎಲ್‌ನಲ್ಲಿ ಇಂದಿಗೂ ಇಲ್ಲ. ಐಫ್ರೇಮ್ ಇದೆಯಲ್ಲ ಎನ್ನಬಹುದು; ಅದು ಸೇರಿಸುವುದಿಲ್ಲ, ಕಿಟಕಿ ತೆರೆದು ತೋರಿಸುತ್ತದೆ. ಹಾಗಾಗಿ ಫುಟರನ್ನು ಪುಟಕ್ಕೆ ಹೊಲಿಯುವ ಕೆಲಸ ನಾಲ್ಕರಲ್ಲಿ ಒಂದು ಜಾಗದಲ್ಲಿ ನಡೆಯಲೇಬೇಕು: ನಿಮ್ಮ ಕೈಯಲ್ಲಿ (ಕಾಪಿ ಪೇಸ್ಟ್), ಬಿಲ್ಡ್ ಆಗುವಾಗ, ಅಂದರೆ ಜನರೇಟರ್ ಎಂಬ ತಂತ್ರಾಂಶ ಪುಟಗಳನ್ನು ತಯಾರಿಸುವಾಗ (ಜೆಕಿಲ್, ಹ್ಯೂಗೊ, ಇಲೆವೆಂಟಿ), ಸರ್ವರಿನಲ್ಲಿ (ಸರ್ವರ್ ಸೈಡ್ ಇನ್‌ಕ್ಲೂಡ್, ಪಿಎಚ್‌ಪಿ), ಇಲ್ಲವೇ ಓದುಗರ ಬ್ರೌಸರಿನಲ್ಲಿ (ಜಾವಾಸ್ಕ್ರಿಪ್ಟ್). ನಿಮ್ಮ ಸೈಟಿನಲ್ಲಿ ಹೊಲಿಗೆ ಎಲ್ಲಿ ಬೀಳುತ್ತದೆ ಎಂದು ಗೊತ್ತಾಗದೆ ಯಾವ ಫೈಲನ್ನೂ ಮುಟ್ಟಬೇಡಿ.

ಎಲ್ಲಕ್ಕೂ ಮೊದಲು ಒಂದು ಪರೀಕ್ಷೆ

ತೊಂದರೆಯಿರುವ ಪುಟ ತೆರೆದು ಕಂಟ್ರೋಲ್ ಜೊತೆ ಯು ಒತ್ತಿ. ಪುಟದ ಮೂಲ ಕಾಣುತ್ತದೆ. ಅದರಲ್ಲಿ ಫುಟರಿನ ಯಾವುದಾದರೂ ಒಂದು ಪದವನ್ನು, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಯನ್ನಾದರೂ ಸರಿ, ಹುಡುಕಿ.

ಪದ ಸಿಕ್ಕಿತು ಎಂದರೆ ಪುಟ ನಿಮ್ಮ ಬ್ರೌಸರಿಗೆ ಬರುವ ಮೊದಲೇ ಫುಟರ್ ಸೇರಿಕೊಂಡಿದೆ: ಕೈಯಲ್ಲೋ, ಬಿಲ್ಡಿನಲ್ಲೋ, ಸರ್ವರಿನಲ್ಲೋ. ಮೂಲದಲ್ಲಿ ಪದ ಇಲ್ಲ, ಆದರೆ ಪರದೆಯ ಮೇಲೆ ಫುಟರ್ ಕಾಣುತ್ತಿದೆ ಎಂದರೆ ಅದನ್ನು ಜಾವಾಸ್ಕ್ರಿಪ್ಟ್ ಆಮೇಲೆ ತಂದು ಕೂರಿಸುತ್ತಿದೆ, ಇಲ್ಲವೇ ಐಫ್ರೇಮ್ ತೋರಿಸುತ್ತಿದೆ. ಫುಟರ್ ಇರಬೇಕಾದ ಜಾಗದಲ್ಲಿ <!--# ಎಂದು ಶುರುವಾಗುವ ಸಾಲೋ, {% ಎಂದು ಶುರುವಾಗುವ ಸಾಲೋ ಹಾಗೆಯೇ ಕೂತಿದ್ದರೆ, ಹೊಲಿಯಬೇಕಾದವರು ಹೊಲಿಯದೆ ಬಟ್ಟೆಯನ್ನು ಹಾಗೇ ಕಳಿಸಿದ್ದಾರೆ.

ಇಲ್ಲಿ ಹಲವರು ಎಡವುತ್ತಾರೆ. ಬಲ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ನೋಡುವುದೂ ಇದೂ ಒಂದೇ ಅಲ್ಲ. ಇನ್‌ಸ್ಪೆಕ್ಟ್ ತೋರಿಸುವುದು ಸ್ಕ್ರಿಪ್ಟುಗಳೆಲ್ಲ ಓಡಿದ ಮೇಲಿನ ಪುಟವನ್ನು. ನಮಗೆ ಬೇಕಾದದ್ದು ಸರ್ವರ್ ಕಳಿಸಿದ್ದು.

ಲಕ್ಷಣ: ಯಾವ ಪುಟದಲ್ಲೂ ಬದಲಾವಣೆ ಕಾಣುತ್ತಿಲ್ಲ

ಮೊದಲು ಅನುಮಾನಿಸಬೇಕಾದದ್ದು ಕ್ಯಾಶ್, ಅಂದರೆ ಮೊದಲೇ ತಂದು ಇಟ್ಟುಕೊಂಡ ಹಳೆಯ ಪ್ರತಿ. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒತ್ತಿ ಪುಟವನ್ನು ಹೊಸದಾಗಿ ತರಿಸಿ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಿ. ಮೊಬೈಲಿನಲ್ಲಿ ವೈಫೈ ಆರಿಸಿ ನೋಡಿ. ವಿಳಾಸದ ಕೊನೆಗೆ ?1 ಎಂದು ಸೇರಿಸಿ ತೆರೆಯುವುದೂ ಒಳ್ಳೆಯ ಉಪಾಯ. ಬ್ರೌಸರ್ ಅದನ್ನು ಬೇರೆಯದೇ ಪುಟ ಎಂದುಕೊಂಡು ಮತ್ತೆ ಕೇಳುತ್ತದೆ. ಹೀಗೆ ತೆರೆದಾಗ ಹೊಸ ಫುಟರ್ ಕಂಡರೆ ನಿಮ್ಮ ಕೆಲಸ ಸರಿಯಾಗಿಯೇ ಆಗಿದೆ, ಕಾದರೆ ಸಾಕು. ಸ್ಟ್ಯಾಟಿಕ್ ಸೈಟುಗಳನ್ನು ಇಡುವ ಸೇವೆಯಾದ ಗಿಟ್‌ಹಬ್ ಪೇಜಸ್ ತನ್ನ ಪುಟಗಳನ್ನು 10 ನಿಮಿಷ ಇಟ್ಟುಕೊಳ್ಳಿ ಎಂದು ಬ್ರೌಸರಿಗೆ ಹೇಳಿ ಕಳಿಸುತ್ತದೆ. ಆ ಹತ್ತು ನಿಮಿಷದಲ್ಲಿ ಗಾಬರಿಬಿದ್ದು ಐದು ಸಲ ಕಮಿಟ್ ಮಾಡುವವರನ್ನು (ಬದಲಾವಣೆಯನ್ನು ದಾಖಲಿಸುವವರನ್ನು) ನೋಡಿದ್ದೇನೆ. ನಾನೂ ಮಾಡಿದ್ದೇನೆ.

ಸೈಟಿನ ಮುಂದೆ ಕ್ಲೌಡ್‌ಫ್ಲೇರ್ (ಸರ್ವರಿಗೂ ಓದುಗರಿಗೂ ನಡುವೆ ನಿಂತು ಪುಟಗಳನ್ನು ತಲುಪಿಸುವ ಸೇವೆ) ಇದ್ದರೆ ಒಂದು ಸೂಕ್ಷ್ಮವಿದೆ. ಅದು ಹೇಳದೇ ಹೋದರೆ ಎಚ್‌ಟಿಎಮ್‌ಎಲ್ ಪುಟಗಳನ್ನು ಕ್ಯಾಶ್ ಮಾಡುವುದಿಲ್ಲ, ಆದರೆ ಜಾವಾಸ್ಕ್ರಿಪ್ಟ್, ಸಿಎಸ್‌ಎಸ್, ಚಿತ್ರಗಳನ್ನು ಮಾಡುತ್ತದೆ. ನಿಮ್ಮ ಫುಟರಿನ ಪಠ್ಯ ಒಂದು ಜಾವಾಸ್ಕ್ರಿಪ್ಟ್ ಫೈಲಿನ ಒಳಗಿದ್ದರೆ ಪುಟ ಹೊಸದು, ಫುಟರ್ ಹಳೆಯದು ಎಂಬ ವಿಚಿತ್ರ ಸ್ಥಿತಿ ಬರುವುದು ಹೀಗೆ. ಅಲ್ಲಿನ ಡ್ಯಾಶ್‌ಬೋರ್ಡಿನಲ್ಲಿ ಆ ಒಂದು ಫೈಲನ್ನು ಮಾತ್ರ ಪರ್ಜ್ ಮಾಡಿ, ಅಂದರೆ ಕ್ಯಾಶಿನಿಂದ ತೆಗೆಸಿ.

ಕ್ಯಾಶ್ ಅಲ್ಲ ಎಂದಾದರೆ ಮುಂದಿನದು ಇನ್ನೂ ಸರಳ, ಇನ್ನೂ ನಾಚಿಕೆಗೇಡು: ತಿದ್ದಿದ ಫೈಲು ಸರ್ವರಿಗೆ ಹೋಗಿಯೇ ಇಲ್ಲ, ಅಥವಾ ತಪ್ಪು ಫೋಲ್ಡರಿಗೆ ಹೋಗಿದೆ. ಎಫ್‌ಟಿಪಿಯಲ್ಲಿ (ಸರ್ವರಿಗೆ ಫೈಲು ಏರಿಸುವ ದಾರಿ) ಸರ್ವರ್ ಬದಿಯ ಫೈಲಿನ ದಿನಾಂಕ, ಗಾತ್ರ ನೋಡಿ. ಜನರೇಟರ್ ಬಳಸುವವರು ಬಿಲ್ಡ್ ಮಾಡಲು ಮರೆತಿದ್ದರೂ ಇದೇ ಲಕ್ಷಣ. ಜೆಕಿಲ್‌ನ ಕಾನ್ಫಿಗ್ ಫೈಲಿನಲ್ಲಿ ಫೋನ್ ನಂಬರು ಇಟ್ಟುಕೊಂಡಿದ್ದರೆ ಓಡುತ್ತಿರುವ ಸರ್ವ್ ಆದೇಶ ಆ ಬದಲಾವಣೆಯನ್ನು ತಾನಾಗಿ ಗಮನಿಸುವುದಿಲ್ಲ. ನಿಲ್ಲಿಸಿ ಮತ್ತೆ ಶುರುಮಾಡಬೇಕು.

ಲಕ್ಷಣ: ಕೆಲವು ಪುಟಗಳಲ್ಲಿ ಮಾತ್ರ ಹಳೆಯ ಫುಟರ್

ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಅಪಾಯಕಾರಿ. ಯಾಕೆಂದರೆ ಮುಖಪುಟ ಸರಿಯಿದ್ದರೆ ಉಳಿದವನ್ನು ಯಾರೂ ನೋಡುವುದಿಲ್ಲ.

ಕಾಪಿ ಪೇಸ್ಟ್ ಮಾಡಿದ ಸೈಟಾದರೆ ವಿಎಸ್ ಕೋಡ್ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇಡೀ ಫೋಲ್ಡರನ್ನು ತೆರೆದು ಹಳೆಯ ನಂಬರನ್ನು ಎಲ್ಲ ಫೈಲುಗಳಲ್ಲಿ ಹುಡುಕಿ. ಇಷ್ಟು ಎಲ್ಲರೂ ಮಾಡುತ್ತಾರೆ. ನಾನು ಬಿಟ್ಟ ಎರಡು ಪುಟ ಇದರಲ್ಲಿ ಸಿಗಲಿಲ್ಲ, ಏಕೆಂದರೆ ಒಂದರಲ್ಲಿ ನಂಬರಿನ ನಡುವೆ ಖಾಲಿ ಜಾಗವಿತ್ತು, ಇನ್ನೊಂದರಲ್ಲಿ ಹೈಫನ್ ಇತ್ತು. ಆದ್ದರಿಂದ ಹುಡುಕಾಟವನ್ನು ತಿರುಗಿಸಿ: ಹೊಸ ನಂಬರು ಯಾವ ಫೈಲುಗಳಲ್ಲಿ ಇಲ್ಲ? ಲಿನಕ್ಸ್, ಮ್ಯಾಕ್‌ಗಳಲ್ಲಿರುವ ಗ್ರೆಪ್ ಆದೇಶಕ್ಕೆ ದೊಡ್ಡಕ್ಷರದ ಎಲ್ ಆಯ್ಕೆ ಕೊಟ್ಟರೆ ಪದ ಇಲ್ಲದ ಫೈಲುಗಳ ಹೆಸರನ್ನೇ ಪಟ್ಟಿ ಮಾಡಿಕೊಡುತ್ತದೆ. ಇದ್ದವರ ಲೆಕ್ಕಕ್ಕಿಂತ ಬಾರದವರ ಲೆಕ್ಕ ಇಲ್ಲಿ ಮುಖ್ಯ. ಇದನ್ನು ಕಲಿತ ಮೇಲೆ ನನಗೆ ಒಂದೂ ಪುಟ ತಪ್ಪಿಲ್ಲ.

ಹಲವು ಸಾಲುಗಳ ಇಡೀ ಫುಟರನ್ನೇ ಹುಡುಕಿ ಬದಲಿಸಲು ಹೋದರೆ ಇನ್ನೊಂದು ಬಲೆಯಿದೆ. ವಿಂಡೋಸಿನಲ್ಲಿ ಉಳಿಸಿದ ಫೈಲಿನಲ್ಲಿ ಸಾಲಿನ ಕೊನೆಗೆ ಎರಡು ಗುಪ್ತ ಅಕ್ಷರ, ಲಿನಕ್ಸಿನಲ್ಲಿ ಉಳಿಸಿದ್ದರಲ್ಲಿ ಒಂದು. ಕಣ್ಣಿಗೆ ಎರಡೂ ಒಂದೇ. ಹುಡುಕುವ ಸಾಧನಕ್ಕೆ ಬೇರೆ ಬೇರೆ ಆಗಿಬಿಡಬಹುದು. ಒಂದು ಸಾಲಿನ ತುಣುಕುಗಳಾಗಿ ಬದಲಿಸಿ.

ಎಚ್ಚರಿಕೆ: ಎಲ್ಲ ಫೈಲುಗಳಲ್ಲಿ ಒಟ್ಟಿಗೆ ಬದಲಿಸುವ ಗುಂಡಿ ಒತ್ತುವ ಮೊದಲು ಇಡೀ ಫೋಲ್ಡರಿನ ಒಂದು ನಕಲು ಬೇರೆ ಜಾಗದಲ್ಲಿ ಇರಲಿ, ಇಲ್ಲವೇ ಗಿಟ್‌ನಲ್ಲಿ ಕಮಿಟ್ ಆಗಿರಲಿ. ಉಳಿಸಿ ಮುಚ್ಚಿದ ಮೇಲೆ ಅನ್‌ಡೂ ಇರುವುದಿಲ್ಲ. ಚಿಕ್ಕ ಪದವನ್ನಂತೂ ಹೀಗೆ ಬದಲಿಸಲೇಬೇಡಿ: ಫುಟರಿನ 2023 ಅನ್ನು ಎಲ್ಲ ಕಡೆ 2024 ಮಾಡಲು ಹೋಗಿ ಹಳೆಯ ವರದಿಗಳ ದಿನಾಂಕ, ಚಿತ್ರಗಳ ಫೈಲ್ ಹೆಸರು ಎಲ್ಲ ಒಂದೇ ಏಟಿಗೆ ಬದಲಾಗಿ ಅರ್ಧ ಚಿತ್ರಗಳು ಮಾಯವಾಗುತ್ತವೆ.

ಜನರೇಟರ್ ಬಳಸುತ್ತಿದ್ದರೆ ಕಾರಣ ಬೇರೆ. ಫುಟರ್ ತಿದ್ದಿದಾಗ ತಯಾರಾದ ಎಲ್ಲ ಪುಟಗಳೂ ಬದಲಾಗಿರುತ್ತವೆ. ನೀವು ಎಫ್‌ಟಿಪಿಯಲ್ಲಿ ಮುಖಪುಟ ಒಂದನ್ನೇ ಏರಿಸಿದ್ದರೆ ಉಳಿದವು ಹಳೆಯವೇ. ಪೂರ್ತಿ ಫೋಲ್ಡರ್ ಏರಿಸಿ. 404 (ಪುಟ ಸಿಗಲಿಲ್ಲ ಎನ್ನುವ) ಪುಟಕ್ಕೆ, ಮುದ್ರಣದ ಪುಟಕ್ಕೆ ಬೇರೆ ಲೇಔಟ್ ಇದ್ದು ಅದರಲ್ಲಿ ಫುಟರನ್ನು ಯಾರೋ ಕೈಯಾರೆ ಬರೆದಿರಬಹುದು, ಅದನ್ನೂ ನೋಡಿ. ಜೆಕಿಲ್‌ನ ಇನ್‌ಕ್ರಿಮೆಂಟಲ್ ಬಿಲ್ಡ್ ಇನ್ನೂ ಪ್ರಾಯೋಗಿಕ ಸೌಲಭ್ಯ; ಅದನ್ನು ಬಿಟ್ಟು, ಕ್ಲೀನ್ ಆದೇಶ ಕೊಟ್ಟು, ಮೊದಲಿಂದ ಬಿಲ್ಡ್ ಮಾಡಿ. ಹ್ಯೂಗೊ ಬಿಲ್ಡ್ ಮಾಡುವಾಗ ಪಬ್ಲಿಕ್ ಫೋಲ್ಡರಿನಲ್ಲಿರುವ ಹಳೆಯ ಪುಟಗಳನ್ನು ಅಳಿಸುವುದಿಲ್ಲ. ಹೆಸರು ಬದಲಿಸಿದ ಪುಟದ ಹಳೆಯ ಪ್ರತಿ ಹಳೆಯ ಫುಟರಿನೊಂದಿಗೆ ಅಲ್ಲೇ ಉಳಿದು, ಗೂಗಲ್ ಹುಡುಕಾಟದಲ್ಲಿ ಜನರಿಗೆ ಸಿಗುತ್ತಲೇ ಇರುತ್ತದೆ. ಆ ಫೋಲ್ಡರ್ ಖಾಲಿ ಮಾಡಿ ಬಿಲ್ಡ್ ಮಾಡಿ.

ಹ್ಯೂಗೊದಲ್ಲೇ ಇದರ ತಿರುಗುಮುರುಗಿನ ಲಕ್ಷಣವೂ ಉಂಟು: "ಕೊನೆಯ ತಿದ್ದುಪಡಿ" ದಿನಾಂಕ ಪುಟಕ್ಕೊಂದು ಇರಬೇಕಾದದ್ದು ಎಲ್ಲ ಪುಟಗಳಲ್ಲೂ ಒಂದೇ ಕಾಣುವುದು. ಫುಟರನ್ನು ಪಾರ್ಷಿಯಲ್ ಕ್ಯಾಶ್ಡ್ ಮೂಲಕ ಕರೆದಿದ್ದೀರಿ. ಅದು ಒಮ್ಮೆ ಬೇಯಿಸಿ ಎಲ್ಲರಿಗೂ ಅದನ್ನೇ ಬಡಿಸುತ್ತದೆ. ದಿನಾಂಕವನ್ನು ಅದರಿಂದ ಹೊರಗಿಡಿ.

ಲಕ್ಷಣ: ಫುಟರ್ ಇರಬೇಕಾದ ಜಾಗ ಖಾಲಿ

ಪುಟವನ್ನು ನಿಮ್ಮ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಿದ್ದೀರಾ? ವಿಳಾಸಪಟ್ಟಿ ಫೈಲ್ ಎಂದು ಶುರುವಾಗುತ್ತಿದೆಯೇ? ಹಾಗಿದ್ದರೆ ಬಹುಶಃ ದೋಷವೇ ಇಲ್ಲ. ಸರ್ವರ್ ಇಲ್ಲದೆ ಸರ್ವರ್ ಸೈಡ್ ಇನ್‌ಕ್ಲೂಡ್ ನಡೆಯುವುದಿಲ್ಲ. ಬೇರೆ ಫೈಲನ್ನು ತರಿಸುವ ಜಾವಾಸ್ಕ್ರಿಪ್ಟಿನ ಫೆಚ್ ಅನ್ನೂ ಬ್ರೌಸರ್ ಭದ್ರತೆಯ ಕಾರಣಕ್ಕೆ ತಡೆಯುತ್ತದೆ. ಪೈಥಾನ್ ಜೊತೆ ಬರುವ ಚಿಕ್ಕ ಸರ್ವರನ್ನು ಓಡಿಸಿ 8000ನೇ ಪೋರ್ಟಿನಲ್ಲಿ ನೋಡಿದರೆ ಫೆಚ್ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಸರ್ವರ್ ಸೈಡ್ ಇನ್‌ಕ್ಲೂಡ್ ಗೊತ್ತಿಲ್ಲ. ಅದಕ್ಕೆ ಅಪಾಚೆ ಅಥವಾ ಎಂಜಿನ್‌ಎಕ್ಸ್‌ನಂಥ ಸರ್ವರ್ ತಂತ್ರಾಂಶ ಬೇಕು.

ನಿಜವಾದ ಸರ್ವರಿನಲ್ಲೂ ಖಾಲಿಯಿದ್ದು, ಮೂಲದಲ್ಲಿ <!--# ಸಾಲು ಹಾಗೇ ಕಂಡರೆ ಈ ಕ್ರಮದಲ್ಲಿ ನೋಡಿ. <!-- ಮತ್ತು # ನಡುವೆ ಖಾಲಿ ಜಾಗ ಬಿಟ್ಟಿದ್ದೀರಾ? ಬಿಡಬಾರದು, ಬಿಟ್ಟರೆ ಸರ್ವರ್ ಅದನ್ನು ಮಾಮೂಲಿ ಟಿಪ್ಪಣಿ ಎಂದುಕೊಳ್ಳುತ್ತದೆ. ಕೊನೆಯ --> ಹಿಂದೆ ಮಾತ್ರ ಒಂದು ಖಾಲಿ ಜಾಗ ಇರಲಿ. ಆಮೇಲೆ ಫೈಲಿನ ಹೆಸರು: ಅಪಾಚೆಯಲ್ಲಿ ಸಾಮಾನ್ಯವಾಗಿ ಎಸ್‌ಎಚ್‌ಟಿಎಮ್‌ಎಲ್ ಎಂದು ಕೊನೆಯಾಗುವ ಪುಟಗಳನ್ನು ಮಾತ್ರ ಈ ಸಾಲುಗಳಿಗಾಗಿ ಓದುವಂತೆ ಹೊಂದಿಸಿರುತ್ತಾರೆ. ಅದೂ ಸರಿಯಿದ್ದರೆ ಹೋಸ್ಟಿಂಗಿನವರು ಸೌಲಭ್ಯವನ್ನೇ ತೆರೆದಿಲ್ಲದಿರಬಹುದು. ಎಂಜಿನ್‌ಎಕ್ಸ್‌ನಲ್ಲಿ ಅದು ಮೊದಲಿಗೆ ಮುಚ್ಚಿಯೇ ಇರುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿ ಸರ್ವರ್ ಸೈಡ್ ಇನ್‌ಕ್ಲೂಡ್ ಆಗಲಿ ಪಿಎಚ್‌ಪಿ ಆಗಲಿ ಎಷ್ಟು ಹೊತ್ತು ಕೂತರೂ ಆಗುವುದಿಲ್ಲ. ಅಲ್ಲಿ ಬಿಲ್ಡಿನಲ್ಲೋ, ಜಾವಾಸ್ಕ್ರಿಪ್ಟಿನಲ್ಲೋ, ಕೈಯಲ್ಲೋ ಸೇರಿಸಬೇಕು.

ಜೆಕಿಲ್ ಪುಟದಲ್ಲಿ {% ಸಾಲು ಹಾಗೇ ಕಾಣುತ್ತಿದ್ದರೆ ಆ ಫೈಲಿನ ತಲೆಯಲ್ಲಿ ಫ್ರಂಟ್ ಮ್ಯಾಟರ್ ಇಲ್ಲ. ಮೂರು ಅಡ್ಡಗೆರೆಗಳ ಎರಡು ಸಾಲು ಮೇಲೆ ಇಲ್ಲದಿದ್ದರೆ ಜೆಕಿಲ್ ಆ ಫೈಲನ್ನು ತೆರೆಯದೆ ಹಾಗೆಯೇ ನಕಲು ಮಾಡಿಬಿಡುತ್ತದೆ.

ಎಚ್ಚರಿಕೆ: ಅಪಾಚೆಯ ಹೊಂದಿಕೆಗಳನ್ನು ಬರೆಯುವ ಡಾಟ್ ಎಚ್‌ಟಿ ಆ್ಯಕ್ಸೆಸ್ ಫೈಲಿನಲ್ಲಿ ಒಂದು ಸಾಲು ತಪ್ಪಿದರೂ ಇಡೀ ಸೈಟು 500 ದೋಷ ತೋರಿಸಿ ಮಲಗುತ್ತದೆ. ಹಳೆಯ ಪ್ರತಿಯನ್ನು ಇಳಿಸಿಟ್ಟುಕೊಂಡೇ ಮುಟ್ಟಿ. ಇನ್‌ಕ್ಲೂಡ್ ತೆರೆಯುವಾಗ ಪ್ರೋಗ್ರಾಮ್ ಓಡಿಸುವ ಅನುಮತಿಯಿಲ್ಲದ, ನೋಎಕ್ಸೆಕ್ ಎಂಬ ಬಗೆಯನ್ನೇ ಆರಿಸಿ. ಫುಟರಿಗೆ ಅದಕ್ಕಿಂತ ಹೆಚ್ಚು ಬೇಡ. ಕೆಲಸ ಆಗುತ್ತಿಲ್ಲ ಎಂದು ಫೈಲುಗಳಿಗೆ 777 ಅನುಮತಿ (ಯಾರು ಬೇಕಾದರೂ ಓದಿ, ಬದಲಿಸಿ, ಓಡಿಸಬಹುದು ಎಂಬುದು) ಕೊಡುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅದು ಬೀಗ ತೆಗೆಯಲಾಗದೆ ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಜಾವಾಸ್ಕ್ರಿಪ್ಟ್ ಬಗೆಯಾದರೆ ಎಫ್12 ಒತ್ತಿ, ಕನ್ಸೋಲಿನ ಕೆಂಪು ಸಾಲು ಓದಿ, ನೆಟ್‌ವರ್ಕ್ ಪಟ್ಟಿಯಲ್ಲಿ ಫುಟರ್ ಫೈಲಿಗೆ 404 ಬಂದಿದೆಯೇ ನೋಡಿ. ವಿಂಡೋಸಿನಲ್ಲಿ ಸರಿಯಿದ್ದು ಸರ್ವರಿನಲ್ಲಿ 404 ಬರುತ್ತಿದ್ದರೆ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಹೋಲಿಸಿ. ಲಿನಕ್ಸಿಗೆ ಅವೆರಡೂ ಬೇರೆ ಬೇರೆ ಫೈಲು.

ಲಕ್ಷಣ: ಫುಟರ್ ಜಾಗದಲ್ಲಿ ಬೇರೇನೋ ಬಂದು ಕೂತಿದೆ

ಚೌಕಾವರಣದೊಳಗೆ, "ಈ ನಿರ್ದೇಶನ ನಡೆಸುವಾಗ ದೋಷವಾಯಿತು" ಎಂಬರ್ಥದ ಇಂಗ್ಲಿಷ್ ಸಾಲು ಕಾಣುತ್ತಿದ್ದರೆ ಅರ್ಧ ಗೆದ್ದಿರಿ. ಸರ್ವರ್ ಸೈಡ್ ಇನ್‌ಕ್ಲೂಡ್ ಓಡುತ್ತಿದೆ, ಫೈಲು ಮಾತ್ರ ಸಿಗುತ್ತಿಲ್ಲ. ಆ ಇನ್‌ಕ್ಲೂಡ್ ಸಾಲಿನಲ್ಲಿ ಫೈಲ್ (file=) ಎಂದು ಬರೆದಿದ್ದರೆ ../ ಬಳಸುವಂತಿಲ್ಲ, ವರ್ಚುಯಲ್ (virtual=) ಎಂದು ಬದಲಿಸಿ, ದಾರಿಯನ್ನು / ಇಂದ ಶುರುಮಾಡಿ.

ಫುಟರಿನಲ್ಲಿ ಇಡೀ "ಪುಟ ಸಿಗಲಿಲ್ಲ" ಸಂದೇಶ ಅಥವಾ ಮುಖಪುಟವೇ ಇನ್ನೊಮ್ಮೆ ಕಂಡರೆ ಅದು ಫೆಚ್‌ನ ಕಿತಾಪತಿ. ಫೆಚ್‌ಗೆ 404 ಸೋಲಲ್ಲ. ಉತ್ತರ ಬಂತಲ್ಲ, ಅಷ್ಟು ಸಾಕು ಅದಕ್ಕೆ. ಉತ್ತರದ ಸ್ಥಿತಿಯನ್ನು ನೀವೇ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಪುಟಕ್ಕೆ ಸೇರಿಸುವ ಹಾಗೆ ಬರೆಯಬೇಕು. ಫುಟರ್ ಬಂದಿದೆ, ಅದರೊಳಗಿನ ಸ್ಕ್ರಿಪ್ಟ್ ಓಡುತ್ತಿಲ್ಲ ಎಂದರೆ, ಇನ್ನರ್ ಎಚ್‌ಟಿಎಮ್‌ಎಲ್ ಮೂಲಕ ಸೇರಿಸಿದ ಸ್ಕ್ರಿಪ್ಟುಗಳು ಓಡುವುದೇ ಇಲ್ಲ, ಅದು ನಿಯಮ. ಸ್ಕ್ರಿಪ್ಟನ್ನು ಪುಟದಲ್ಲೇ ಇಡಿ.

ಲಕ್ಷಣ: ಮುಖಪುಟದಲ್ಲಿ ಸರಿ, ಒಳಪುಟಗಳಲ್ಲಿ ಲಿಂಕು, ಲೋಗೊ ಮುರಿದಿವೆ

ಫುಟರ್ ಫೈಲು ಎಲ್ಲೇ ಇರಲಿ, ಅದರೊಳಗಿನ ದಾರಿಗಳನ್ನು ಬ್ರೌಸರ್ ಅಳೆಯುವುದು ತಾನು ನಿಂತಿರುವ ಪುಟದಿಂದ. ಮುಖಪುಟದಿಂದ ಚಿತ್ರಗಳ ಫೋಲ್ಡರ್ ಪಕ್ಕದಲ್ಲಿದೆ, ಒಳಪುಟದಿಂದ ಒಂದು ಮೆಟ್ಟಿಲು ಮೇಲಿದೆ. ಎಲ್ಲ ದಾರಿಗಳನ್ನೂ / ಇಂದ ಶುರುಮಾಡಿದರೆ ಮುಗಿಯಿತು. ಗಿಟ್‌ಹಬ್‌ನ ಪ್ರಾಜೆಕ್ಟ್ ಸೈಟಿನಲ್ಲಿ ಮಾತ್ರ ಮುಗಿಯುವುದಿಲ್ಲ. ಅಲ್ಲಿ ಸೈಟು ಡೊಮೈನಿನ ಬುಡದಲ್ಲಿಲ್ಲ, ರೆಪಾಸಿಟರಿ ಹೆಸರಿನ ಕೆಳಗಿದೆ. ಜೆಕಿಲ್‌ನಲ್ಲಿ ಬೇಸ್ ಯುಆರ್‌ಎಲ್ ತುಂಬಿ, ಲಿಂಕುಗಳಿಗೆ ರಿಲೇಟಿವ್ ಯುಆರ್‌ಎಲ್ ಫಿಲ್ಟರ್ ಹಾಕಿ.

ಲಕ್ಷಣ: ಫುಟರಿನ ಕನ್ನಡ ಮಾತ್ರ ಕೆಟ್ಟಿದೆ

ಪುಟದ ಕನ್ನಡ ಸರಿ, ಕೆಳಗಿನ ವಿಳಾಸ ಮಾತ್ರ ಚೆಲ್ಲಾಪಿಲ್ಲಿ. ಎರಡು ಫೈಲುಗಳನ್ನು ಇಬ್ಬರು, ಎರಡು ಕಾಲದಲ್ಲಿ, ಎರಡು ತಂತ್ರಾಂಶದಲ್ಲಿ ಉಳಿಸಿದ್ದಾರೆ. ಕೆಟ್ಟದ್ದು ಯಾವ ರೀತಿ ಕೆಟ್ಟಿದೆ ಎಂಬುದೇ ಇಲ್ಲಿ ರೋಗದ ಹೆಸರು ಹೇಳುತ್ತದೆ.

ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಎ ಅಕ್ಷರ, ಅದರ ಹಿಂದೆಯೇ ಪುಟ್ಟ ² ಅಥವಾ ³, ಹೀಗೆ ಸಾಲುಗಟ್ಟಿದ್ದರೆ ಫೈಲು ಯೂಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಬಗೆ) ಸರಿಯಾಗಿಯೇ ಇದೆ, ಓದುವವರು ತಪ್ಪು ಓದುತ್ತಿದ್ದಾರೆ. ಯೂಟಿಎಫ್-8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಮೂರು ಬೈಟ್. ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಪಶ್ಚಿಮ ಯುರೋಪಿನ ಸಂಕೇತಪಟ್ಟಿ ಹಿಡಿದು ಓದಿದರೆ ಮೊದಲನೆಯದು ಆ ಗೆರೆಹೊತ್ತ ಎ ಆಗಿಯೂ, ಎರಡನೆಯದು ² ಅಥವಾ ³ ಆಗಿಯೂ ಕಾಣುತ್ತದೆ. ಪುಟದ ತಲೆಭಾಗದಲ್ಲಿ ಚಾರ್‌ಸೆಟ್ ಮೆಟಾ ಟ್ಯಾಗ್ ಇದೆಯೇ, ಮೊದಲ 1024 ಬೈಟುಗಳ ಒಳಗೇ ಇದೆಯೇ ನೋಡಿ. ಐಫ್ರೇಮಿನ ಫುಟರಾದರೆ ಆ ಫೈಲಿಗೂ ತನ್ನದೇ ಟ್ಯಾಗ್ ಬೇಕು.

ರೋಮನ್ ಅಕ್ಷರಗಳ ನಡುವೆ ಅಲ್ಲಲ್ಲಿ £ ಚಿಹ್ನೆ ಕಾಣುತ್ತಿದ್ದರೆ ಅದು "ನುಡಿ" ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದು. £ ಇರುವ ಕಡೆ "ನ" ಇದೆ ಎಂದು ತಿಳಿಯಿರಿ. ಕಚೇರಿಯವರು ವರ್ಡ್ ಫೈಲಿನಲ್ಲಿ ಕಳಿಸಿದ ವಿಳಾಸವನ್ನು ಹಾಗೇ ಅಂಟಿಸಿದಾಗ ಆಗುವುದು ಇದೇ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಕನ್ನಡದ ಭಾಗವನ್ನಷ್ಟೇ ಅದಕ್ಕೆ ಕೊಡಿ. ಇಮೇಲ್ ವಿಳಾಸವನ್ನೂ ಸೇರಿಸಿ ಕೊಟ್ಟರೆ ಅದನ್ನೂ ಕನ್ನಡವೆಂದು ಭಾವಿಸಿ ಕಲಸಿಬಿಡುತ್ತದೆ. ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಾರೆ ಓದಿ ನೋಡಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ, ಫೈಲಿನಲ್ಲೂ ಹಾಗೇ ಇದ್ದರೆ, ಯಾರೋ ಕನ್ನಡಕ್ಕೆ ಜಾಗವಿಲ್ಲದ ಆನ್ಸಿ ಎಂಬ ಸಂಕೇತಪಟ್ಟಿಯಲ್ಲಿ ಉಳಿಸಿದ್ದಾರೆ. ಅಕ್ಷರಗಳು ಹೋದವು, ಮರಳಿ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು. ಖಾಲಿ ಚೌಕಗಳಾದರೆ ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ, ನಿಮ್ಮ ತಪ್ಪಿಲ್ಲ. ಫುಟರಿನ ಮೇಲೆ ಕಾರಣವಿಲ್ಲದ ಒಂದು ಸಾಲಿನ ಅಂತರ ಬಿದ್ದಿದ್ದರೆ ಫುಟರ್ ಫೈಲಿನ ಮೊದಲಲ್ಲಿ ಬಿಒಎಂ ಎಂಬ ಗುಪ್ತ ಗುರುತು ಕೂತಿರಬಹುದು. ಬಿಒಎಂ ಇಲ್ಲದ ಯೂಟಿಎಫ್-8 ಆಗಿ ಉಳಿಸಿ.

ಲಕ್ಷಣ: ಫುಟರ್ ಪಕ್ಕಕ್ಕೆ ಸರಿದಿದೆ, ನಡುವೆ ಬಂದಿದೆ

ಒಂದೇ ಪುಟದಲ್ಲಿ ಹೀಗಾದರೆ ತಪ್ಪು ಆ ಪುಟದ್ದು, ಫುಟರಿನದ್ದಲ್ಲ. ಮೇಲೆ ಎಲ್ಲೋ ಒಂದು ಡಿವ್ ಟ್ಯಾಗ್ ಮುಚ್ಚದೆ ಉಳಿದಿದೆ. ಎಲ್ಲ ಪುಟಗಳಲ್ಲೂ ಆದರೆ ಫುಟರ್ ಫೈಲನ್ನೇ ನೋಡಿ. ಡಬ್ಲ್ಯೂ3ಸಿಯ ಉಚಿತ ವ್ಯಾಲಿಡೇಟರಿಗೆ ಪುಟದ ವಿಳಾಸ ಕೊಟ್ಟರೆ ಯಾವ ಸಾಲಿನಲ್ಲಿ ಎಂದು ಹೇಳುತ್ತದೆ. ಅದು ನೂರು ತಪ್ಪು ತೋರಿಸಿದರೂ ಹೆದರಬೇಡಿ, ಮೊದಲನೆಯದನ್ನು ಸರಿಪಡಿಸಿ ಮತ್ತೆ ಓಡಿಸಿ. ಎಷ್ಟೋ ಉಳಿದವು ಅದರ ಮರಿಗಳು.

ಲಕ್ಷಣ: ಇಸವಿ ಹಳೆಯದೇ ಇದೆ

ಜನರೇಟರ್ ಬರೆಯುವ ಇಸವಿ ಬಿಲ್ಡ್ ಆದ ದಿನದ್ದು. ಜನವರಿಯಲ್ಲಿ ಒಮ್ಮೆ ಬಿಲ್ಡ್ ಮಾಡಿದರೆ ಸಾಕು. ಇದಕ್ಕಾಗಿ ಜಾವಾಸ್ಕ್ರಿಪ್ಟ್ ತುರುಕುವುದು ನನಗೆ ಇಷ್ಟವಿಲ್ಲ. ಮೂರು ವರ್ಷ ಯಾರೂ ಮುಟ್ಟದ ಸೈಟು ಈ ವರ್ಷದ ಇಸವಿ ತೋರಿಸಿದರೆ ಓದುಗರಿಗೆ ಅದು ಸುಳ್ಳೇ.

ಲಕ್ಷಣ: ನೀವು ಹಾಕದ ಲಿಂಕುಗಳು ಫುಟರಿನಲ್ಲಿವೆ

ಜೂಜು, ಔಷಧಿ, ಸಾಲದ ಜಾಹೀರಾತು, ಒಮ್ಮೊಮ್ಮೆ ಹಿನ್ನೆಲೆಯ ಬಣ್ಣದಲ್ಲೇ ಬರೆದು ಅಡಗಿಸಿದ ಸಾಲುಗಳು. ಇಲ್ಲಿ ನಿಲ್ಲಿಸಿ. ಇದು ಫುಟರಿನ ದೋಷವಲ್ಲ, ಯಾರೋ ಒಳಗೆ ಬಂದಿದ್ದಾರೆ. ಕಳ್ಳರು ಫುಟರನ್ನೇ ಹುಡುಕಿ ಬರುವುದಕ್ಕೂ ನಾವು ಅದನ್ನು ಒಂದೇ ಫೈಲಿನಲ್ಲಿ ಇಡುವುದಕ್ಕೂ ಕಾರಣ ಒಂದೇ: ಒಂದು ಕಡೆ ಬರೆದರೆ ಎಲ್ಲ ಪುಟಗಳಲ್ಲೂ ಬರುತ್ತದೆ.

ಆ ಸಾಲುಗಳನ್ನು ಅಳಿಸಿ ಸುಮ್ಮನಾದರೆ ಮತ್ತೆ ಬರುತ್ತವೆ. ಏನನ್ನೂ ಅಳಿಸುವ ಮೊದಲು ಸರ್ವರಿನಲ್ಲಿರುವುದನ್ನು ಇದ್ದ ಹಾಗೆಯೇ ಒಂದು ಪ್ರತಿ ಇಳಿಸಿಡಿ. ತನಿಖೆಗೆ ಅದು ಬೇಕಾಗುತ್ತದೆ. ವೈರಸ್ ಇಲ್ಲವೆಂದು ಖಾತ್ರಿಯಿರುವ ಬೇರೆ ಕಂಪ್ಯೂಟರಿನಿಂದ ಹೋಸ್ಟಿಂಗ್, ಎಫ್‌ಟಿಪಿ, ಇಮೇಲ್ ಪಾಸ್‌ವರ್ಡುಗಳನ್ನು ಬದಲಿಸಿ. ಗೂಗಲ್ ಸರ್ಚ್ ಕನ್ಸೋಲಿನ ಭದ್ರತಾ ವಿಭಾಗದಲ್ಲಿ ಎಚ್ಚರಿಕೆ ಬಂದಿದೆಯೇ ನೋಡಿ. ಆಮೇಲೆ ಹೋಸ್ಟಿಂಗಿನವರಿಗೆ ಟಿಕೆಟ್ ಹಾಕಿ: ಮೊದಲು ಯಾವಾಗ ಕಂಡಿತು, ಯಾವ ಫೈಲಿನಲ್ಲಿ, ಆ ಫೈಲಿನ ಕೊನೆಯ ತಿದ್ದುಪಡಿಯ ದಿನಾಂಕ ಸಮಯ ಏನು, ಈ ಮೂರನ್ನು ಬರೆಯಿರಿ. ಲಾಗುಗಳನ್ನು ಹೋಸ್ಟಿಂಗಿನವರು ಕೆಲವು ದಿನವಷ್ಟೇ ಇಟ್ಟುಕೊಂಡಿರಬಹುದು, ಆದ್ದರಿಂದ ನಾಳೆ ಬರೆಯೋಣ ಎನ್ನಬೇಡಿ.